ಯಜ್ಞೇಶ್ವರ ರಾಯರು ಗ್ಯಾರೇಜು ಗುಡಿಸಿದ್ದು

ನವಿ ಮುಂಬಯಿಯ ನೆರೂಳಿನ ಸಮಾಧಾನ ಹೌಸಿಂಗ್ ಸೊಸೈಟಿಯ ಚೇರ್‌ಮನ್ ಸಿದ್ರಾಮ ಬಿರಾದಾರರು ತಮ್ಮ ಮನೆಯ ಬಚ್ಚಲನ್ನು ಒಡೆಸಿ ಹೊಸದು ಕಟ್ಟಿಸಿದರು. ಒಡೆದ ಬಚ್ಚಲನ್ನು ಯಜ್ಞೇಶ್ವರ ರಾಯರ ಗ್ಯಾರೇಜಿಗೆ ತುಂಬಿಸಿದರು.

ಎರಡು ದಿನದ ಮಟ್ಟಿಗೆ ಎಂದು ಬೀಗದ ಕೈ ಇಸಿದುಕೊಂಡಿದ್ದರು. ಆ ಎರಡು ದಿನ ಮುಗಿಯುವುದರೊಳಗೆ ಎರಡು ಗಣೇಶ ಚೌತಿ ಬಂದು ಹೋದವು. ಚೇರ್‌ಮನ್ನರ ಕಸ ಹೋದಲ್ಲಿಗೆ ಉಳಿದವರ ಕಸವೂ ಹೋಗತಕ್ಕದ್ದು ಎನ್ನುವುದು ನಮ್ಮ ಸೊಸೈಟಿಯ ಪ್ರಜಾಪ್ರಭುತ್ವ. ಹಾಗಾಗಿ ಗಣಪತಿ ಮಂಟಪದ ಬಿದಿರು, ಯಾರದೋ ಸೋರುವ ನೀರಿನ ಟಾಕಿ, ಇಲಿ ಮರಿಹಾಕಿದ ಹಾಸಿಗೆ, ಬಾಗಿಲಿಲ್ಲದ ಫ್ರಿಜ್ಜು, ಎಲ್ಲವೂ ಒಂದೊಂದಾಗಿ ಒಳಗೆ ನಡೆದವು. ಕೊನೆಗೆ ಶಟರು ಮುಚ್ಚಬೇಕಾದರೆ ಇಬ್ಬರು ಒದೆಯಬೇಕಿತ್ತು.

ರಾಯರು ಅಡ್ಡಬರಲಿಲ್ಲ. ಅವರಿಗೆ ಗ್ಯಾರೇಜು ಇತ್ತೇ ಹೊರತು ಕಾರು ಇರಲಿಲ್ಲ. ಫ್ಲ್ಯಾಟು ಕೊಳ್ಳುವಾಗ ಬಿಲ್ಡರನು ಅದನ್ನೂ ಗಂಟುಹಾಕಿದ್ದ. ಠಾಣೆಯ ಮಾಜಿವಾಡಾದ ಸಭಾಗೃಹದಲ್ಲಿ ನೆಂಟರ ಮದುವೆಯಾದಾಗ ಯಾರಾದರೂ "ಹೇಗೆ ಬಂದಿರಿ?" ಎಂದರೆ "ಗ್ಯಾರೇಜು ಉಂಟಲ್ಲ" ಎಂದಷ್ಟೇ ಹೇಳಿ, ಉಳಿದದ್ದನ್ನು ಕೇಳಿದವರ ಕಲ್ಪನೆಗೆ ಬಿಟ್ಟು, ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ಬಂದರಿನ ಆಫೀಸಿನಲ್ಲಿ ಕ್ಲಾರ್ಕಾಗಿ ನಿವೃತ್ತರಾದ ಮನುಷ್ಯನಿಗೆ ಇದ್ದ ಡೌಲು ಅದೊಂದೇ.

ಅಂಥ ರಾಯರು 2011ರ ದೀಪಾವಳಿ ಕಳೆದ ಒಂದು ಭಾನುವಾರ ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಸುತ್ತಿ, ಗುಡಿಸಲು ಹಿಡಿಸೂಡಿ ಹಿಡಿದು, ಶಟರನ್ನು ಎತ್ತಿದರು. ಅದು ಕಿರುಚಿದ ಸದ್ದಿಗೆ ಮೂರನೇ ಮಹಡಿಯ ತನಕ ಕಿಟಕಿಗಳು ತೆರೆದವು. ಮೊದಲು ಧೂಳು ಹೊರಗೆ ಬಂತು. ಆಮೇಲೆ ಕೆಮ್ಮು ಬಂತು. ಎಷ್ಟೋ ಹೊತ್ತಿನ ಮೇಲೆ ರಾಯರು ಬಂದರು, ಹುಬ್ಬಿನ ತನಕ ಸಿಮೆಂಟಾಗಿ.

ಕಾರಣ ಸರಳವಾಗಿತ್ತು. ರಾಯರ ಹೆಂಡತಿ ಉಮಾವತಮ್ಮನವರಿಗೆ ಎರಡೂ ಮೊಣಕಾಲಿನ ಆಪರೇಶನ್ ಆಗಿತ್ತು. ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿಲ್ಲ. ಲಿಫ್ಟಿನ ವಿಷಯ ಪ್ರತಿ ವರ್ಷ ಮಹಾಸಭೆಯಲ್ಲಿ ಏಳುತ್ತಿತ್ತು. ನೆಲಮಹಡಿಯಲ್ಲಿರುವ ಚೇರ್‌ಮನ್ನರು ಪ್ರತಿ ವರ್ಷವೂ "ಮೊದಲ ಗೇಟಿಗೆ ಬಣ್ಣ ಹಚ್ಚೂಣು, ಆಮ್ಯಾಲ ಲಿಫ್ಟ್" ಎನ್ನುತ್ತಿದ್ದರು. ಬಣ್ಣದ ಮೇಲೆ ಬಣ್ಣ ಕೂತು ನಮ್ಮ ಗೇಟು ಈಗ ಮುಚ್ಚುವುದೇ ಇಲ್ಲ.

ಆಪರೇಶನ್ನಿಗೆ ಮೇಲಿಂದ ಹೊತ್ತು ಇಳಿಸಿ, ಮತ್ತೆ ಹೊತ್ತು ಹತ್ತಿಸಿದ ಮೇಲೆ ಉಮಾವತಮ್ಮ ಕೆಳಗೆ ಬಂದಿರಲಿಲ್ಲ. ಮಂಚವನ್ನು ಕಿಟಕಿಗೆ ತಾಗಿಸಿ ಕೂತು ರಸ್ತೆ ನೋಡುತ್ತಿದ್ದರು. ಅಷ್ಟು ಎತ್ತರದಿಂದ ಕಾಣುವುದು ತಲೆ ಮಾತ್ರ. ಬೋಳು, ಅರೆಬೋಳು, ಬೈತಲೆ, ಎಣ್ಣೆ, ಮೆಹಂದಿ, ಹೀಗೆ ನೆರೂಳಿನ ಜನರನ್ನು ಅವರು ನೆತ್ತಿಯಿಂದಲೇ ಗುರುತಿಸುತ್ತಿದ್ದರು. ಒಂದು ಸಂಜೆ ಚಾ ಕುಡಿಯುತ್ತ ಹೇಳಿದರು: "ಮನುಷ್ಯರ ಮೂಗು ಹೇಗಿರ್ತದೆ ಅಂತಲೇ ಮರೆತುಹೋಗಿದೆ ಮಾರಾಯ್ರೆ ನಂಗೆ."

ರಾಯರು ಚಾ ಅರ್ಧಕ್ಕೇ ಬಿಟ್ಟು ಎದ್ದರು. ಗ್ಯಾರೇಜು ಖಾಲಿ ಮಾಡುವುದು, ಸುಣ್ಣ ಬಳಿಯುವುದು, ಒಂದು ಬೆಂಚು, ಒಂದು ಫ್ಯಾನು, ಉಮಾವತಿಯನ್ನು ಕೆಳಗೆ ತಂದು ಕೂರಿಸುವುದು. ತಂದವಳನ್ನು ಸಂಜೆ ಹೇಗೆ ಹತ್ತಿಸುವುದು ಎಂದು ಅವರು ಯೋಚಿಸಲಿಲ್ಲ. ದೊಡ್ಡ ಕೆಲಸಕ್ಕೆ ಇಳಿದವರು ಇಂಥದ್ದನ್ನೆಲ್ಲ ಯೋಚಿಸುವುದಿಲ್ಲ.

ಮೊದಲು ಬಂದವರು ಸಿದ್ರಾಮ ಬಿರಾದಾರರು. ವಿಜಾಪುರದ ಕಡೆಯವರು, ಬನಿಯನ್ನಿನ ಮೇಲೆ ಶಾಲು ಹೊದ್ದು ಬಂದರು.

"ಏನ್ರೀ ರಾಯರ, ಏನ್ ನಡಸೀರಿ?"

"ಧೂಳು ತೆಗೀತಾ ಇದ್ದೇನೆ."

"ಅದು ಕಾಣಸ್ತದ. ಯಾಕ ತೆಗೀಲಿಕ್ಕತ್ತೀರಿ ಅಂತ ಕೇಳಿದ್ನಿ."

"ಉಮಾವತಿಗೆ ಕೂರಲಿಕ್ಕೆ. ಇಲ್ಲಿ ಗಾಳಿ ಉಂಟು. ನಾಲ್ಕು ಮುಖ ಕಾಣ್ತದೆ."

ಬಿರಾದಾರರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ರಾಯರ ಮುಖವನ್ನೇ ನೋಡಿದರು.

"ಹೆಣ್ತಿ ಕೂಡ್ರಲಿಕ್ಕ ಗ್ಯಾರೇಜ್ ಖಾಲಿ ಮಾಡ್ತೀರಿ?"

"ಹೌದು."

"ಖರೇ ಹೇಳ್ರಿ."

"ಇದೇ ಖರೆ."

"ಹೇಳೂ ಮನಸ್ಸಿಲ್ಲಂದ್ರ ಬಿಡ್ರಿ. ಸುಳ್ಳ ಯಾಕ ಹೇಳ್ತೀರಿ?"

ಇಲ್ಲಿ ಬಿರಾದಾರರದ್ದು ತಪ್ಪೆನ್ನಲಾಗದು. ಕಾರಿಗಾಗಿ ಗ್ಯಾರೇಜು ಗುಡಿಸಿದರೆ ಜನ ನಂಬುತ್ತಾರೆ. ಬಾಡಿಗೆಗೆ ಕೊಡಲು ಗುಡಿಸಿದರೂ ನಂಬುತ್ತಾರೆ. ಕಳ್ಳಮಾಲು ಇಡಲಿಕ್ಕೆ ಅಂದರೆ ಸ್ವಲ್ಪ ಗೌರವವನ್ನೂ ಕೊಡುತ್ತಾರೆ. ಹೆಂಡತಿ ಸುಮ್ಮನೆ ಕೂತು ರಸ್ತೆ ನೋಡಲಿ ಎಂದು ಗಂಡಸು ಧೂಳು ಕುಡಿದದ್ದನ್ನು ಮಾತ್ರ ನಮ್ಮ ಕಟ್ಟಡ ಕಂಡಿರಲಿಲ್ಲ. ಕಾಣದ್ದನ್ನು ಹೇಗೆ ನಂಬುವುದು?

ಅಷ್ಟರಲ್ಲಿ ಸೊಸೈಟಿಯ ಕಸ ಗುಡಿಸುವ ಚಂದ್ರಬಾಯಿ, ರಾಯರ ಜೊತೆ ಒಡೆದ ಇಟ್ಟಿಗೆ ಸಿಮೆಂಟು ಗೋಣಿಗೆ ತುಂಬುತ್ತಿದ್ದವಳು, ಒಂದು ನೀಲಿ ಟೈಲ್ಸಿನ ಚೂರನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಅದರ ಮೇಲೆ ಬಿಳಿ ಹಂಸ.

"ಅಗಬಾಯೀ! ಹೇ ತರ್ ಬಿರಾದಾರ್ ಸಾಹೇಬಾಂಚ್ಯಾ ಬಾಥ್‌ರೂಮಚಂ!"

ಬಿರಾದಾರರು ಹಂಸವನ್ನು ನೋಡಿದರು. ಹಂಸ ಬಿರಾದಾರರನ್ನು ನೋಡಿತು.

"ಹಂಸ ಎಲ್ಲಾರ ಮನ್ಯಾಗೂ ಇರ್ತಾವ" ಎಂದು ಹೇಳಿ ಅವರು ಶಾಲು ಸರಿಮಾಡಿಕೊಂಡು ಹೊರಟುಹೋದರು. ಆದರೆ ಗೇಟಿನ ಹತ್ತಿರ ನಿಂತು ಎರಡು ಸಲ ತಿರುಗಿ ನೋಡಿದರು. ಸಂಶಯ ಎನ್ನುವುದು ನಮ್ಮ ಸೊಸೈಟಿಯಲ್ಲಿ ಆ ಕ್ಷಣಕ್ಕೆ ಹುಟ್ಟಿತು.

ಅದು ಬೆಳೆದದ್ದು ಹಗ್ಗದಿಂದ. ಉಮಾವತಮ್ಮ ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟು ತರಕಾರಿ, ಹಾಲು ಎತ್ತಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಈಗ ಚೀಲ ಮೇಲಿಂದ ತುಂಬಿ ಕೆಳಗೆ ಬರತೊಡಗಿತು. ಧೂಳಿನಲ್ಲಿ ದುಡಿಯುವ ಗಂಡನಿಗೂ ಚಂದ್ರಬಾಯಿಗೂ ಸೇರಿಸಿ ಬಿಸಿ ಇಡ್ಲಿ, ಸಾಂಬಾರು, ಫ್ಲಾಸ್ಕಿನಲ್ಲಿ ಕಾಫಿ. ಮಂಚದ ಪಕ್ಕದಲ್ಲೇ ಸ್ಟೂಲಿನ ಮೇಲೆ ಒಲೆ ಇಡಿಸಿಕೊಂಡು ಅವರು ಕೂತಲ್ಲೇ ಅಡುಗೆ ಮಾಡುತ್ತಿದ್ದರು. ಚೀಲ ಮೂರನೇ ಮಹಡಿ ದಾಟುವಾಗ ಒಂದು ಮೂಗು, ಎರಡನೆಯದನ್ನು ದಾಟುವಾಗ ಇನ್ನೊಂದು ಮೂಗು ಕಿಟಕಿಯಿಂದ ಹೊರಬಂತು.

ಉಡುಪಿಯ ಮನುಷ್ಯ. ರಸ್ತೆಗೆ ಮುಖಮಾಡಿದ ಶಟರು. ಬಿಳಿ ಸುಣ್ಣ. ಬೆಂಚು. ಮೇಲಿಂದ ಇಡ್ಲಿ. ಇಷ್ಟನ್ನು ಕೂಡಿಸಿದರೆ ಮುಂಬಯಿಯ ಸುತ್ತಮುತ್ತ ಯಾರಿಗೇ ಆದರೂ ಬರುವ ಉತ್ತರ ಒಂದೇ: ಹೋಟೆಲು. ಮೂರನೇ ದಿನಕ್ಕೆ ವಾಚ್‌ಮನ್ನು "ಮಿಸಾಳ್ ಭೀ ಮಿಲೇಗಾ ಕ್ಯಾ?" ಎಂದು ತಿಂಡಿ ವಿಚಾರಿಸಿದ. ಬಿರಾದಾರರ ಹಳೆಯ ಕಮೋಡನ್ನು ರಾಯರು ಹೊರಗೆ ಗೋಡೆಗೆ ಒರಗಿಸಿ ಇಟ್ಟಿದ್ದರಿಂದ, ಗಿರಾಕಿಗಳಿಗೆ ಶೌಚಾಲಯದ ವ್ಯವಸ್ಥೆಯೂ ಆಗುತ್ತಿದೆ ಎಂದು ಬಿ ವಿಂಗಿನವರು ಮೆಚ್ಚಿಕೊಂಡರು.

ಸುದ್ದಿ ಲೋಕಲ್ ಟ್ರೈನು ಹತ್ತಿ ಕಲ್ಯಾಣಕ್ಕೆ ಮುಟ್ಟಿತು. ಅಲ್ಲಿಂದ ಉಮಾವತಮ್ಮನ ತಮ್ಮ ಕಿಟ್ಟು, ಹಿಂದೆ ಎರಡು ಹೋಟೆಲು, ಒಂದು ಜೆರಾಕ್ಸ್ ಅಂಗಡಿ ಮತ್ತು ಒಂದು ಪಾಲುಗಾರಿಕೆಯಿಂದ ಹೊರಬಿದ್ದವನು, ಬ್ಯಾಗು ಸಮೇತ ಬಂದಿಳಿದ.

"ಭಾವಾ, ನೀವು ನನ್ನ ಹತ್ರವೂ ಮುಚ್ಚಿಟ್ರಿ. ಇರ್ಲಿ, ಬೇಜಾರಿಲ್ಲ. ಗಲ್ಲಾದಲ್ಲಿ ಯಾರನ್ನ ಕೂರಿಸ್ತೀರಿ?"

"ಎಂಥ ಗಲ್ಲಾ?"

"ನಗದು ಪೆಟ್ಟಿಗೆ ಮಾರಾಯ್ರೆ. ಅಡುಗೆ ಭಟ್ಟರು ಯಾರಾದ್ರೂ ಆಗ್ತದೆ, ಟೇಬಲು ಒರೆಸುವವ ಯಾರಾದ್ರೂ ಆಗ್ತದೆ. ಗಲ್ಲಾಕ್ಕೆ ಮಾತ್ರ ರಕ್ತಸಂಬಂಧವೇ ಬೇಕು. ನಾನು ಬಿಳೀ ಶರ್ಟು ಎರಡು ಹೊಲಿಸಿದ್ದೇನೆ."

"ಕಿಟ್ಟೂ, ಇದು ಹೋಟೆಲಲ್ಲ. ನಿನ್ನ ಅಕ್ಕನಿಗೆ ಕೂರಲಿಕ್ಕೆ."

ಕಿಟ್ಟುವಿನ ಕಣ್ಣು ಕೆಂಪಾಯಿತು.

"ಅಂದ್ರೆ ಗಲ್ಲಾದಲ್ಲಿ ಅಕ್ಕನನ್ನೇ ಕೂರಿಸ್ತೀರಿ. ತಮ್ಮನ ಮೇಲೆ ಅಷ್ಟೂ ನಂಬಿಕೆ ಇಲ್ಲ."

ರಾಯರು ಹಣೆ ಚಚ್ಚಿಕೊಂಡರು. ಹಣೆಯಿಂದ ಸಿಮೆಂಟು ಉದುರಿತು. ಕಿಟ್ಟು ಹೋಗಲಿಲ್ಲ. ಬೆಂಚಿನ ಮೇಲೆ ಗಲ್ಲಾ ಬರಬಹುದಾದ ಮೂಲೆಯನ್ನು ಅಂದಾಜು ಮಾಡಿ ಅಲ್ಲೇ ಕೂತ.

ಮಾರನೆಯ ದಿನ ಸ್ಟೇಷನ್ನಿನ ಪಕ್ಕದ ಉಪಾಹಾರ ಗೃಹದ ಮಾಲೀಕ ಲೀಲಾಧರಣ್ಣ ಬಂದರು. ಅವರ ಹೋಟೆಲಿನ ಅಡುಗೆಯವ ಮುರಾರಿ ದೀಪಾವಳಿಗೆ ಮೊದಲೇ ಹೇಳದೆ ಕೇಳದೆ ನಾಪತ್ತೆಯಾಗಿದ್ದ. ಅಡುಗೆಯವನನ್ನು ಹಾರಿಸಿಕೊಂಡು ಹೋಗುವುದು ನಮ್ಮ ಹೋಟೆಲು ಲೋಕದಲ್ಲಿ ಮಗಳನ್ನು ಹಾರಿಸಿಕೊಂಡು ಹೋಗುವುದಕ್ಕಿಂತ ದೊಡ್ಡ ಅಪರಾಧ. ಮಗಳು ಒಂದು ಮಗುವಾದ ಮೇಲೆ ತವರಿಗೆ ಬರುತ್ತಾಳೆ. ಅಡುಗೆಯವ ಬರುವುದಿಲ್ಲ.

ಲೀಲಾಧರಣ್ಣ ನೇರ ಒಳಗೆ ಬಂದರು. ಗೋಡೆಯ ಸುಣ್ಣ ಮುಟ್ಟಿ ನೋಡಿದರು. ಆಗಷ್ಟೇ ಮೇಲಿಂದ ಇಳಿದ ಚೀಲದಿಂದ ಡಬ್ಬಿ ತೆಗೆದು, ಸಾಂಬಾರಿಗೆ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು.

"ಕೊತ್ತಂಬರಿ ತೆಂಗಿನೆಣ್ಣೆಯಲ್ಲಿ ಹುರಿದದ್ದು. ಕೊನೆಗೆ ಚೂರು ಬೆಲ್ಲ. ಇದು ಮುರಾರಿಯ ಕೈ."

"ಇದು ಉಮಾವತಿಯ ಕೈ ಲೀಲಾಧರಣ್ಣ. ಇಬ್ಬರೂ ಬ್ರಹ್ಮಾವರದ ಕಡೆಯವರು, ಅಷ್ಟೇ."

"ಹತ್ತೊಂಬತ್ತು ವರ್ಷ ಆ ಸಾಂಬಾರು ಮಾರಿದ್ದೇನೆ ನಾನು. ನನಗೆ ಹೇಳಿಕೊಡ್ತೀರಾ? ಎಲ್ಲಿ ಅಡಗಿಸಿಟ್ಟಿದ್ದೀರಿ ಅವನನ್ನ?"

ಸರಿಯಾಗಿ ಆ ಹೊತ್ತಿಗೆ ಬಿರಾದಾರರು ಮಹಾನಗರಪಾಲಿಕೆಯ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದರು. ಇನ್‌ಸ್ಪೆಕ್ಟರ್ ಸಾಹೇಬರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದಿದ್ದರು.

"ಹೋಟೆಲ್ ಕಿಧರ್ ಹೈ?"

"ಹೋಟೆಲ್ ನಹೀ ಹೈ ಸಾಹೇಬ್."

"ಗುಮಾಸ್ತಾ ಲೈಸೆನ್ಸ್ ಹೈ?"

"ಅಂಗಡಿಯೇ ಇಲ್ಲದ ಮೇಲೆ ಅಂಗಡಿ ಲೈಸೆನ್ಸ್ ಎಲ್ಲಿಂದ ಬರ್ತದೆ?" ಎಂದು ರಾಯರು ಕನ್ನಡದಲ್ಲೇ ಕೂಗಿದರು. ಬಿರಾದಾರರು ಅದನ್ನು ಮರಾಠಿಗೆ ತಿರುಗಿಸಿದರು: "ಲೈಸೆನ್ಸ್ ಇಲ್ಲ ಅಂತ ಒಪ್ಪಿಕೊಂಡಿದ್ದಾರೆ."

"ಫಿರ್ ಯೇ ಸಬ್ ಕಿಸಕೇ ಲಿಯೇ?" ಬೆಂಚು, ಫ್ಯಾನು, ಕಿಟ್ಟು, ಕಮೋಡು ಎಲ್ಲದರ ಮೇಲೂ ಇನ್‌ಸ್ಪೆಕ್ಟರರ ಬೆರಳು ಹರಿಯಿತು.

ರಾಯರು ಆ ವಾರ ಹೆಂಡತಿಯ ಹೆಸರು ಹೇಳಿ ಹೇಳಿ, ಪ್ರತಿ ಸಲವೂ ಸುಳ್ಳುಗಾರರಾಗಿ ದಣಿದಿದ್ದರು. ಆದ್ದರಿಂದ ಹೆಸರು ಹೇಳದೆ, ಆಕಾಶದ ಕಡೆ ಕೈ ತೋರಿಸಿ, "ಯಾರಿಗಾಗಿ ಮಾಡಿದ್ದೋ ಅವರು ಮೇಲಿದ್ದಾರೆ!" ಎಂದರು.

ಎಲ್ಲರೂ ಹೊರಗೆ ಬಂದು ಮೇಲೆ ನೋಡಿದರು. ನಾಲ್ಕನೇ ಮಹಡಿಯ ಕಿಟಕಿಯಿಂದ ಒಂದು ಕೈ ಮಾತ್ರ ಹೊರಗೆ ಬಂದು ಖಾಲಿ ಚೀಲವನ್ನು ಸರಸರನೆ ಎಳೆದುಕೊಂಡಿತು.

"ಮುರಾರಿ!" ಎಂದು ಚೀರಿದ ಲೀಲಾಧರಣ್ಣ ಮೆಟ್ಟಿಲ ಕಡೆ ಓಡಿದರು. ಅನಧಿಕೃತ ಅಡುಗೆಮನೆ ಎಂದು ಇನ್‌ಸ್ಪೆಕ್ಟರರು ಹಿಂದೆ ಓಡಿದರು. ಸಾಕ್ಷಿಗೆಂದು ಬಿರಾದಾರರು, ತನಗೆ ಗೊತ್ತಿಲ್ಲದೆ ಅಡುಗೆಯವನನ್ನು ಗೊತ್ತುಮಾಡಿದ್ದಾರೆಂದು ಕಿಟ್ಟು, ಕೊನೆಯಲ್ಲಿ ಹಿಡಿಸೂಡಿಯೊಂದಿಗೆ ರಾಯರು.

ಮೊದಲ ಮಹಡಿಯ ತನಕ ಓಟವಿತ್ತು. ಎರಡನೆಯದರಲ್ಲಿ ಅದು ನಡಿಗೆಯಾಯಿತು. ಮೂರನೆಯದರಲ್ಲಿ ಇನ್‌ಸ್ಪೆಕ್ಟರರು ಯಾರದೋ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು. ಬಿರಾದಾರರು ಗೋಡೆ ಹಿಡಿದು, ಬಾಯಿ ತೆರೆದು, ಮೇಲಿನ ಮೆಟ್ಟಿಲುಗಳನ್ನು ನೋಡಿದರು. ಚೇರ್‌ಮನ್ನಾದ ಮೇಲೆ ಅವರು ನೆಲಮಹಡಿಗಿಂತ ಮೇಲೆ ಬಂದದ್ದು ಇದೇ ಮೊದಲು.

"ಇನ್ನೂ ಅದಾವೇನ್ರೀ ಮೆಟ್ಟಲ?"

"ಲಿಫ್ಟಿಲ್ಲದ ಕಟ್ಟಡದಲ್ಲಿ ಇರ್ತದೆ" ಎಂದರು ರಾಯರು. ಅವರ ಜೀವಮಾನದಲ್ಲಿ ಸರಿಯಾದ ಹೊತ್ತಿಗೆ ಹೇಳಿದ ಮಾತು ಅದೊಂದೇ. ಹೇಳಿ ತಾವೇ ಹೆದರಿದರು.

ಮನೆಯ ಬಾಗಿಲು ತೆರೆದೇ ಇತ್ತು. ರಾಯರಿಗಿಂತ ಮೊದಲು ನಾಲ್ವರು ಗಂಡಸರು ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಉಮಾವತಮ್ಮ ಮಂಚದ ಮೇಲೆ ಕೂತು ನಾಳೆಯ ಹಿಟ್ಟಿಗೆ ಉದ್ದು ತೊಳೆಯುತ್ತಿದ್ದರು. ಕೈ ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡಿದರು.

"ಯಾರು ನೀವು? ಗುರುತಾಗಲಿಲ್ಲ. ಸ್ವಲ್ಪ ತಲೆ ಬಗ್ಗಿಸಿ."

ಯಾಕೆಂದು ಕೇಳುವ ಉಸಿರು ಯಾರಲ್ಲೂ ಇರಲಿಲ್ಲ. ಬಗ್ಗಿಸಿದರು.

"ಓಹೋ, ಲೀಲಾಧರ! ನಡುವೆ ಬೋಳು, ಸುತ್ತ ಡೈ. ಈ ಕಡೆ ಚೇರ್‌ಮನ್ನರು, ಗಾಯದ ಕಲೆ ಉಂಟಲ್ಲ. ಕಿಟ್ಟು, ನೀನು ಎಣ್ಣೆ ಹಚ್ಚು ಮಾರಾಯ. ಇವರೊಬ್ಬರನ್ನ ನೋಡಿಲ್ಲ. ಈ ರಸ್ತೆಗೆ ಹೊಸಬರು."

"ಮುರಾರಿ ಎಲ್ಲಿ ಅಕ್ಕಾ?" ಲೀಲಾಧರಣ್ಣ ಮಂಚದ ಕೆಳಗೆ ಬಗ್ಗಿದರು. ಕಪಾಟು ತೆಗೆದರು. ಬಚ್ಚಲಿನ ಬಾಗಿಲು ದೂಡಿದರು. ಒಲೆಯ ಮೇಲಿನ ಸಾಂಬಾರಿನ ಪಾತ್ರೆಯೊಳಗೂ ನೋಡಿದರು, ಅಡುಗೆಯವ ಅಲ್ಲಿರುವ ಸಂಭವ ಕಡಿಮೆಯಾಗಿದ್ದರೂ.

"ಮುರಾರಿ ಅಂಬರನಾಥದಲ್ಲಿದ್ದಾನಲ್ಲ" ಎಂದ ಕಿಟ್ಟು. "ಫ್ಯಾಕ್ಟರಿ ಕ್ಯಾಂಟೀನಿನಲ್ಲಿ. ಮೊನ್ನೆ ಟ್ರೈನಿನಲ್ಲಿ ಸಿಕ್ಕಿದ್ದ."

"ಮೊದಲೇ ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಿದ್ರಾ? ನಾನು ಗಲ್ಲಾದ ಚಿಂತೆಯಲ್ಲಿದ್ದೆ."

"ಯಾಕೆ ಹೋದನಂತೆ? ಏನು ಕಡಿಮೆ ಮಾಡಿದ್ದೆ ನಾನು ಅವನಿಗೆ?"

"ಸ್ಟೂಲಂತೆ. ನಿಮ್ಮ ಅಡುಗೆಮನೆಯಲ್ಲಿ ಕೂರಲಿಕ್ಕೆ ಒಂದು ಸ್ಟೂಲು ಕೇಳಿದ್ದನಂತೆ. ಭಟ್ಟ ಕೂತರೆ ಬೆಂಕಿ ಕೂರ್ತದೆ ಅಂದ್ರಂತೆ ನೀವು. ಅಲ್ಲಿ ಸ್ಟೂಲು ಕೊಟ್ಟಿದ್ದಾರೆ."

ಲೀಲಾಧರಣ್ಣ ಕೂರಲು ಜಾಗ ಹುಡುಕಿ, ಒಲೆ ಇಟ್ಟಿದ್ದ ಸ್ಟೂಲು ಬಿಟ್ಟರೆ ಬೇರೆ ಸಿಗದೆ, ನಿಂತೇ ಇದ್ದರು.

ಇನ್‌ಸ್ಪೆಕ್ಟರರಿಗೆ ಕನ್ನಡ ಬಾರದು. ಆದರೆ ಎರಡು ಮೊಣಕಾಲಿನ ಮೇಲಿನ ಹೊಲಿಗೆಯ ಗುರುತು, ಕಿಟಕಿ, ಹಗ್ಗ, ಚೀಲ ನೋಡಿ ಕರ್ಚೀಫನ್ನು ಮೂಗಿನಿಂದ ತೆಗೆದು ಹಣೆ ಒರೆಸಿಕೊಂಡರು. "ಸಚ್ಮುಚ್ ಬಾಯಿ ಕೇ ಲಿಯೇ ಥಾ ಕ್ಯಾ?" ಎಂದು ಉಮಾವತಮ್ಮನ ಕಡೆ ತೋರಿಸಿ ರಾಯರನ್ನು ಕೇಳಿದರು. ಆ ವಾರ ಅವರನ್ನು ನಂಬಿದ ಮೊದಲ ಮನುಷ್ಯ. ರಾಯರು ಬೈರಾಸಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಧೂಳಿರಬೇಕು.

ನಾಲ್ವರೂ ನಾಚಿಕೊಂಡು ಬಾಗಿಲ ಕಡೆ ಸರಿದರು.

"ಎಲ್ಲಿಗೆ?" ಎಂದರು ಉಮಾವತಮ್ಮ. "ಇಷ್ಟು ಜನ ಗಂಡಸರು ಒಟ್ಟಿಗೆ ಈ ಮನೆಗೆ ಬಂದದ್ದೇ ಇಲ್ಲ. ಬಂದವರು ಬರಿಗೈಯಲ್ಲಿ ಇಳಿಯಬೇಡಿ. ಒಳಗಿನ ಕೋಣೆಯ ಕುರ್ಚಿ ಎಳೆದು ತನ್ನಿ."

ಹೀಗೆ ಉಮಾವತಮ್ಮನವರ ಮೆರವಣಿಗೆ ಹೊರಟಿತು. ಕೈ ಇರುವ ಮರದ ಕುರ್ಚಿ. ಮುಂದಿನ ಎರಡು ಕಾಲಿಗೆ ಲೀಲಾಧರಣ್ಣ ಮತ್ತು ಕಿಟ್ಟು, ಹಿಂದಿನ ಎರಡಕ್ಕೆ ಪಾಲಿಕೆ ಮತ್ತು ಸೊಸೈಟಿ. ಇನ್‌ಸ್ಪೆಕ್ಟರರ ಬ್ಯಾಗು ಉಮಾವತಮ್ಮನ ತೊಡೆಯ ಮೇಲಿತ್ತು. ರಾಯರು ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತ, "ಎಡಕ್ಕೆ! ಅಲ್ಲ, ನನ್ನ ಎಡಕ್ಕೆ!" ಎಂದು ಕೂಗಿ ಎಲ್ಲರನ್ನೂ ಗೋಡೆಗೆ ತಾಗಿಸಿದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನಿಂತರು. ಉಮಾವತಮ್ಮ ಒಬ್ಬೊಬ್ಬರ ಮುಖವನ್ನೂ ಅಂಗಡಿಯಲ್ಲಿ ಸೀರೆ ನೋಡುವ ಹಾಗೆ ನೋಡುತ್ತ ಇಳಿದರು. "ಎಷ್ಟು ದಪ್ಪ ಆಗಿದ್ದೀಯಾ, ನೆತ್ತಿಯಿಂದ ಗೊತ್ತಾಗಲೇ ಇಲ್ಲ!"

ಕೆಳಗೆ ಚಂದ್ರಬಾಯಿ ಗ್ಯಾರೇಜಿನ ನೆಲಕ್ಕೆ ಕೊನೆಯ ಬಕೆಟು ನೀರು ಹಾಕಿ ಒರೆಸಿದ್ದಳು. ಕುರ್ಚಿಯನ್ನು ಶಟರಿನ ಬಾಯಿಗೇ ಇಳಿಸಿದರು. ಉಮಾವತಮ್ಮ ರಸ್ತೆ ನೋಡಿದರು. ರಿಕ್ಷಾದವ, ತರಕಾರಿ ಮಾರುವವಳು, ಕ್ಲಾಸಿಗೆ ಓಡುವ ಮಕ್ಕಳು, ಎಲ್ಲರಿಗೂ ಮೂಗಿತ್ತು.

ಮೊದಲು ಉಸಿರು ತಿರುಗಿದ್ದು ಬಿರಾದಾರರಿಗೆ. ಉಸಿರಿನ ಜೊತೆ ಅಧಿಕಾರವೂ ತಿರುಗಿ ಬಂತು.

"ಆತಲ್ರೀ ಅಕ್ಕಾರ, ನೋಡಿದ್ರಿ. ಇನ್ನ ಮ್ಯಾಲ ಹೋಗ್ರಿ. ಗ್ಯಾರೇಜಿನಾಗ ಗಾಡಿ ಅಷ್ಟ ಇರಬೇಕು ಅಂತ ಸೊಸೈಟಿ ನಿಯಮ ಅದ. ಇವತ್ತ ನೀವು ಕೂತ್ರಿ ಅಂದ್ರ ನಾಳೆ ಎಲ್ಲಾರೂ ಬಂದು ಕೂಡ್ರತಾರ."

"ಗಾಡಿ ಮಾತ್ರವಾ?"

"ಗಾಲಿ ಇದ್ದದ್ದು ಅಷ್ಟ."

"ಎರಡು ವರ್ಷ ನಿಮ್ಮ ಬಚ್ಚಲು ಇಲ್ಲಿತ್ತಲ್ಲ ಚೇರ್‌ಮನ್ನರೇ, ಅದಕ್ಕೆ ಎಷ್ಟು ಗಾಲಿ?"

ಚಂದ್ರಬಾಯಿ ಹಂಸದ ಚೂರನ್ನು ತಂದು ಬೆಂಚಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಮೂರನೇ ಮಹಡಿಯಿಂದ ಯಾರೋ ನಕ್ಕರು. ಬಿರಾದಾರರ ಕಿವಿ ಕೆಂಪಾಯಿತು.

"ಅದೆಲ್ಲಾ ಬ್ಯಾರೆ ಮಾತು. ಏ ಕಿಟ್ಟಪ್ಪ, ಲೀಲಾಧರ, ಹಿಡೀರಿ ಕುರ್ಚಿ. ಎತ್ರಿ ಮ್ಯಾಲ."

ಲೀಲಾಧರಣ್ಣ ಮೆಟ್ಟಿಲು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತರು. ಇನ್‌ಸ್ಪೆಕ್ಟರರು ಅವರ ಪಕ್ಕ ಕೂತು, ಫ್ಲಾಸ್ಕಿನಲ್ಲಿ ಕಾಫಿ ಉಳಿದಿದೆಯೇ ಎಂದು ರಾಯರಿಗೆ ಸನ್ನೆ ಮಾಡಿದರು. ಕಿಟ್ಟು ತನ್ನ ಮೂಲೆ ಹೋಗುತ್ತದೆಂದು ಅವಸರದಲ್ಲಿ ಹೋಗಿ ಅಲ್ಲಿ ಕೂತ.

ಬಿರಾದಾರರು ಧ್ವನಿ ತಗ್ಗಿಸಿದರು. "ಅಕ್ಕಾರ, ತಿಳ್ಕೋರಿ. ಒಂದ್ ತಾಸು ಕೂಡ್ರಬಹುದು. ರಾತ್ರಿ ಏನ್ ಮಾಡ್ತೀರಿ? ಸ್ನಾನಕ್ಕ, ಅದಕ್ಕ ಇದಕ್ಕ ಎಲ್ಲಿಗೆ ಹೋಗ್ತೀರಿ? ಮ್ಯಾಲ ನಡೀರಿ."

"ನಿಮ್ಮದು ನೆಲಮಹಡಿ ಅಲ್ವಾ?" ಎಂದರು ಉಮಾವತಮ್ಮ. "ಬಚ್ಚಲು ಹೊಸದು, ಭಾರಿ ಚಂದ ಆಗಿದೆ ಅಂತ ಚಂದ್ರಬಾಯಿ ಹೇಳ್ತಾ ಇದ್ದಳು. ನಿಮ್ಮ ಹಳೇದನ್ನ ನಾವು ಇಟ್ಟುಕೊಂಡೆವು. ಹೊಸದಕ್ಕೆ ನಾನು ಬರ್ತೇನೆ. ಲಿಫ್ಟು ಬರುವ ತನಕ ಅಷ್ಟೇ."

"ಎದ್ದೇಳ್ರಿ ಅಂದ್ರ ಏಳ್ರಿ!"

"ಏಳುವುದಿಲ್ಲ. ಕಿಟ್ಟೂ, ಆ ಶಟರು ಇನ್ನೂ ಸ್ವಲ್ಪ ಮೇಲೆ ಮಾಡು."